ಹಿಮ್ಮಡಿಯ ವಿಚಾರ ಮುಚ್ಚಿಟ್ಟವಳಿಗೆ

ಪ್ರೀತಿಯ ಪುಟ್ಟಿಗೆ,

ನಿನ್ನೆ ಮಾತು ಅರ್ಧಕ್ಕೇ ನಿಂತಿತು. ನೀನು ಸಿಟ್ಟಿನಿಂದ ಫೋನ್ ಇಟ್ಟೆ. ಬರೆದರೆ ನೀನು ನಡುವೆ ಬಾಯಿ ಹಾಕಲಾರೆ, ನಾನೂ ದನಿ ಏರಿಸಲಾರೆ. ಅದಕ್ಕೇ ಈ ಪತ್ರ.

ಮೊದಲು ನಿನ್ನೆಯೇ ಹೇಳಬೇಕಾಗಿದ್ದದ್ದು. ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ಪಕ್ಕದ ಮಿಲ್ಗಾಯ್‌ನಿಂದ ಫೋರ್ಟ್ ವಿಲಿಯಂವರೆಗೆ 154 ಕಿಲೋಮೀಟರ್, ಅದೂ ಬೆನ್ನ ಮೇಲೆ ಹೊರೆ ಹೊತ್ತು! ವೆಸ್ಟ್ ಹೈಲ್ಯಾಂಡ್ ವೇ ಎಂಬ ಆ ಕಾಲುದಾರಿಯ ನಕ್ಷೆಯನ್ನು ಅಪ್ಪ ಪ್ರಿಂಟ್ ಹಾಕಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾರೆ. ನೀವು ರಾತ್ರಿ ತಂಗಿದ ಊರುಗಳಿಗೆಲ್ಲ ಕೆಂಪು ಗುರುತು. ಹಾಲು ತರುವವರನ್ನೂ ನಿಲ್ಲಿಸಿಕೊಂಡು, ಬ್ರಿಟನ್ನಿನಲ್ಲೇ ಎತ್ತರದ ಬೆನ್ ನೆವಿಸ್ 1345 ಮೀಟರ್, ನಮ್ಮ ಕೊಡಚಾದ್ರಿ 1343, ಎರಡೇ ಮೀಟರ್ ಕಡಿಮೆ ಎಂದು ವಿವರಿಸುತ್ತಾರೆ. ಈ ಮನೆಯಲ್ಲಿ ಇಷ್ಟು ಸಂತೋಷ ನೋಡಿ ಎಷ್ಟೋ ಕಾಲವಾಗಿತ್ತು.

ಪಾದ ನೀವಿಕೊಳ್ಳುತ್ತಾ ಕುಳಿತ ಕಂಚಿನ ಮನುಷ್ಯನ ಪಕ್ಕ ನೀವು ನಾಲ್ವರೂ ಕುಳಿತ ಫೋಟೋ ಬಂದಾಗ ಅಪ್ಪ ನಿಮ್ಮ ಮುಖಗಳನ್ನು ನೋಡಿದರು. ನಾನು ಕಾಲುಗಳನ್ನು ನೋಡಿದೆ. ಮೂವರು ಬೂಟು ಬಿಚ್ಚಿದ್ದರು. ನೀನೊಬ್ಬಳು ಬಿಚ್ಚಿರಲಿಲ್ಲ.

ನಿನ್ನ ಗೆಳತಿಯನ್ನು ಬೈಯಬೇಡ, ನಾನೇ ಕೆದಕಿ ಕೇಳಿದೆ. ಲೋಮಂಡ್ ಸರೋವರದ ದಡದಲ್ಲಿ, ಇನ್ವರ್‌ಸ್ನೇಯ್ಡ್ ಸುತ್ತಮುತ್ತ ಬೇರು, ಬಂಡೆಗಳ ಮೇಲೆ ಕೈಯೂರಿ ಹತ್ತಿ ಇಳಿಯುವ ಕಡೆಯೇ ಹಿಮ್ಮಡಿಯ ಬೊಕ್ಕೆ ಒಡೆದಿತ್ತಂತೆ. ಅದೇ ಕಾಲಿನಲ್ಲಿ, ಸೂರಿಲ್ಲದ, ಎತ್ತ ನೋಡಿದರೂ ಜೌಗೇ ಇರುವ ರ್ಯಾನಕ್ ಮೂರ್ ದಾಟಿದೆ. ಡೆವಿಲ್ಸ್ ಸ್ಟೇರ್‌ಕೇಸ್ ಎಂಬ ಏರು ಹತ್ತಿದೆ. ಕಿನ್‌ಲಾಕ್‌ಲೆವೆನ್‌ನಲ್ಲಿ ಗೆಳತಿಯೇ ಕೀವು ನೋಡುವವರೆಗೂ ಯಾರಿಗೂ ಹೇಳಲಿಲ್ಲ. ಯಾಕೆಂದರೆ, "ಹೇಳಿದ್ದರೆ ನನ್ನನ್ನು ಬಸ್ ಹತ್ತಿಸುತ್ತಿದ್ದಿರಿ."

ಚಿಕ್ಕವಳಿದ್ದಾಗ ಕೊಡಚಾದ್ರಿ ಹತ್ತಿದ ದಿನವೂ ನೀನು ಹೇಳಿದ್ದು ಇದನ್ನೇ. ಹಿಡ್ಲುಮನೆ ಜಲಪಾತದ ದಾರಿ, ಅತ್ತೆಯವರ ತಮಾಷೆ, ಅದೆಲ್ಲ ನಿನಗೂ ನೆನಪಿದೆ, ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಬಚ್ಚಲಮನೆಯಲ್ಲಿ ನಾನು ಕಂಡದ್ದು. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡು ಬಿಟ್ಟಿತ್ತು. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ಹುಯ್ದು, ಎಳೆ ಎಳೆಯಾಗಿ ಬಿಡಿಸಿದೆ. ಬಿಳಿ ಹತ್ತಿಯ ಚೀಲ, ಶಾಲೆಯದು. ಹಿಮ್ಮಡಿಯ ಜಾಗದಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ನೀನು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದೆ, ಒಂದು ಹನಿ ಕಣ್ಣೀರಿಲ್ಲ. ಇಡೀ ದಾರಿ ಎಲ್ಲರಿಗಿಂತ ಮುಂದೆ ಹಾಡು ಹೇಳಿಕೊಂಡು ಓಡಿದವಳು ನೀನು! ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಕಾಲುಚೀಲವನ್ನು ಎಷ್ಟು ಒಗೆದರೂ ಕಲೆ ಹೋಗಲಿಲ್ಲ. ನಿನ್ನೆ ರಾತ್ರಿಯೂ ಅದೇ ಕಣ್ಣಮುಂದೆ ಬಂತು.

ನಿನ್ನ ಗಟ್ಟಿತನವನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ನೀನು ಅಷ್ಟು ದೂರದ ದೇಶಕ್ಕೆ ಓದಲು ಹೋಗುತ್ತಲೇ ಇರಲಿಲ್ಲ. ಆದರೆ ಕೊಡಚಾದ್ರಿಯಲ್ಲಿ ರಾತ್ರಿಗೆ ನಾನಿದ್ದೆ, ಕಿನ್‌ಲಾಕ್‌ಲೆವೆನ್‌ನಲ್ಲಿ ಗೆಳತಿಯಿದ್ದಳು. ಮುಂದಿನ ವರ್ಷ ಅದೇ ಫೋರ್ಟ್ ವಿಲಿಯಂನಿಂದ ಕೇಪ್ ರ್ಯಾತ್‌ಗೆ ಒಬ್ಬಳೇ ಹೊರಡುತ್ತೇನೆ ಎನ್ನುತ್ತೀಯಲ್ಲ, 300 ಕಿಲೋಮೀಟರಿಗೂ ಹೆಚ್ಚು, ದಾರಿ ತೋರಿಸುವ ಫಲಕಗಳೂ ಇಲ್ಲವಂತೆ, ಅಲ್ಲಿ ನಿನ್ನ ಕಾಲುಚೀಲ ನೋಡುವವರು ಯಾರು?

ಅದಕ್ಕೇ ನಿನ್ನೆ "ಸಾಕು, ವಾಪಸ್ ಬಾ" ಎಂದು ಕೂಗಿದ್ದು. ನಡೆದು ದಣಿದಿದ್ದವಳಿಗೆ ಹಾಗೆ ಅನ್ನಿಸಿಕೊಳ್ಳುವ ಹಾಗಾಯಿತಲ್ಲ ಎಂದು ಆಮೇಲೆ ಸಂಕಟವಾಯಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಉಪದೇಶ ಮಾಡಬಾರದೆಂದುಕೊಂಡಿದ್ದೆ, ಆದರೆ ಇಷ್ಟಾದರೂ ಕೇಳು. ಕೇಪ್ ರ್ಯಾತ್ ದಾರಿಯಲ್ಲಿ ಸೇತುವೆಯಿಲ್ಲದ ಹೊಳೆಗಳಿವೆ ಎಂದು ಅಪ್ಪ ಓದಿ ಹೇಳಿದರು. ತೋಟದ ಆಚೆಯ ಹಳ್ಳ ಮಳೆ ನಿಂತ ಮೇಲೂ ಏರುವುದನ್ನು ನೋಡಿ ಬೆಳೆದವಳು ನೀನು. ನೀರು ಕೆಂಪಾಗಿದ್ದರೆ, ಸದ್ದು ದಪ್ಪವಾಗಿದ್ದರೆ ಕಾಲಿಡಬೇಡ. ಒಂದು ದಿನ ಕುಳಿತುಕೋ, ಊಟ ಹೆಚ್ಚಿಗೆ ಹೊತ್ತುಕೋ. ಅಲ್ಲಿಯ ತುರ್ತು ಸಂಖ್ಯೆ 999ಕ್ಕೆ ಎಸ್‌ಎಂಎಸ್ ಮೂಲಕವೂ ಸಹಾಯ ಕೇಳಬಹುದಂತೆ, ಆದರೆ ಮೊದಲೇ ನೋಂದಾಯಿಸಿಕೊಂಡಿರಬೇಕು. ಅದನ್ನು ಈ ವಾರವೇ ಮಾಡು. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಬರುವವರು ಸಂಬಳವಿಲ್ಲದ ಸ್ವಯಂಸೇವಕರು, ದುಡ್ಡೂ ಕೇಳುವುದಿಲ್ಲ. ಅಂಥವರನ್ನು ಕರೆಯುವುದಕ್ಕೆ ಸಂಕೋಚಪಡುವವಳು ನೀನು, ಅದೂ ನನಗೆ ಗೊತ್ತು. ಸಂಕೋಚಪಡಬೇಡ. ಎರಡು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡು. ಹಿಮ್ಮಡಿ ಬಿಸಿಯಾಯಿತೆನಿಸಿದಾಗಲೇ ಕುಳಿತು ಬಿಚ್ಚಿ ನೋಡು, ಒಡೆಯುವವರೆಗೆ ಕಾಯಬೇಡ.

ಒಬ್ಬಳೇ ಹೋಗಬೇಡ ಎಂದು ನಾನು ಇನ್ನು ಹೇಳುವುದಿಲ್ಲ. ಹೇಳಿದರೆ ನೀನು ಹೋಗಿಯೇ ಹೋಗುತ್ತೀಯ, ನನಗೆ ತಿಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಬದಲಿಗೆ ನಾನೊಂದು ಮಾತು ಕೊಡುತ್ತೇನೆ. ಕಾಲು ನೋಯುತ್ತಿದೆ ಎಂದು ನೀನು ಹೇಳಿದರೆ, "ವಾಪಸ್ ಬಾ" ಎನ್ನುವುದಿಲ್ಲ. ಎಲ್ಲಿ ನೋಯುತ್ತಿದೆ, ಎಷ್ಟು ನೋಯುತ್ತಿದೆ ಎಂದಷ್ಟೇ ಕೇಳುತ್ತೇನೆ. ಅಪ್ಪನಿಗೂ ಹೇಳಿದ್ದೇನೆ, ಒಪ್ಪಿದ್ದಾರೆ.

ಸದ್ಯಕ್ಕೆ ನಾಳೆಯೇ ಡಾಕ್ಟರಿಗೆ ತೋರಿಸು. ಕೆಂಪು ಕಣಕಾಲಿನ ಕಡೆ ಏರುತ್ತಿದ್ದರೆ, ಜ್ವರ ಬಂದರೆ ನಾಳೆಯವರೆಗೂ ತಡೆಯಬೇಡ. ಅವರು ಏನು ಹೇಳಿದರು, ಯಾವ ಮಾತ್ರೆ, ಎಷ್ಟು ದಿನ, ಎಲ್ಲ ಬರೆದು ಕಳಿಸು. "ಚೆನ್ನಾಗಿದ್ದೇನೆ" ಎಂದು ಒಂದೇ ಸಾಲು ಬರೆದರೆ ನಾನು ಒಪ್ಪುವುದಿಲ್ಲ. ಬೂಟು ಬಿಚ್ಚಿದ ಕಾಲಿನ ಫೋಟೋ ಕೂಡ ಬೇಕು.

ನಿನ್ನ,
ಅಮ್ಮ