ಬಲ್ಬ್ ಬದಲಿಸುವ ಮೊದಲು ವೈರಿಂಗ್ ನೋಡಿ

ಸಂಪಾದಕರೇ,

ಹಳೇ ಕಾರಿನ ಹೆಡ್‌ಲೈಟ್ ಮಂಕಾಯಿತು ಅಂದ ಕೂಡಲೇ ಎಲ್ಲರೂ 100 ವ್ಯಾಟ್ ಬಲ್ಬ್ ಹಾಕಿಸೋಕೆ ಓಡುತ್ತಾರೆ. ನಾನೂ ಓಡಿದ್ದೆ. ಎರಡೇ ವಾರದಲ್ಲಿ ಹೋಲ್ಡರ್ ಕಂದಾಗಿ ಕರಗಿತ್ತು, ಸುಟ್ಟ ವಾಸನೆ ಬೇರೆ!

ಆಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಲೈಟ್ ಹಾಕಿ ಬಲ್ಬಿನ ಹತ್ತಿರ ನೋಡಿದರೆ ಬರೀ 11.6. ಉಳಿದದ್ದು ಎಲ್ಲಿ ಹೋಯಿತು? ಅನೇಕ ಹಳೇ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು, ಅಂದರೆ 60 ವ್ಯಾಟಿನ ಎರಡು ಬಲ್ಬಿಗೆ ಸುಮಾರು 10 ಆಂಪಿಯರ್, ಸಣ್ಣ ವೈರಿನಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ ಮತ್ತೆ ಮುಂದಕ್ಕೆ ಬರುತ್ತದೆ, ದಾರಿಯಲ್ಲಿರುವ ಕಿಲುಬು ಹಿಡಿದ ಒಂದೊಂದು ಕನೆಕ್ಟರೂ ತನ್ನ ಪಾಲು ಮುರಿದುಕೊಳ್ಳುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10 ಕಡಿಮೆಯಾದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಮಂಕಾಗದೆ ಇನ್ನೇನಾಗುತ್ತದೆ?

ಇದಕ್ಕೆ ಬೇಕಾದದ್ದು ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಲೋ ಬೀಮಿಗೊಂದು, ಹೈ ಬೀಮಿಗೊಂದು. ಬ್ಯಾಟರಿಯಿಂದ ದಪ್ಪ ವೈರು ಎಳೆದು ರಿಲೇಯ 30ನೇ ಪಿನ್ನಿಗೆ ಕೊಡಿ, 87ರಿಂದ ಬಲ್ಬಿಗೆ. ಹಳೇ ಹೆಡ್‌ಲೈಟ್ ವೈರು 86ಕ್ಕೆ, 85 ಅರ್ಥಿಂಗಿಗೆ, ಅಂದರೆ ಗಾಡಿಯ ಲೋಹದ ಮೈಗೆ. ಈಗ ಸ್ವಿಚ್ಚಿನ ಕೆಲಸ ರಿಲೇಯನ್ನು ಎಬ್ಬಿಸುವುದಷ್ಟೇ. ಕೆಲವು ಗಾಡಿಗಳಲ್ಲಿ ಸ್ವಿಚ್ ಅರ್ಥಿಂಗ್ ಕಡೆ ಇರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ನನಗೆ ಸಿಟ್ಟು ಬರುವುದು ಫ್ಯೂಸ್ ಇಲ್ಲದೆ ಈ ಕೆಲಸ ಮಾಡಿಕೊಡುವವರನ್ನು ಕಂಡರೆ. ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಬೇಕೇ ಬೇಕು, ಇಲ್ಲದಿದ್ದರೆ ವೈರು ಎಲ್ಲೋ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದರೆ ಬೆಂಕಿಯೇ ಅಲ್ವಾ? ಅರ್ಥಿಂಗ್ ಕೊಡುವಲ್ಲಿ ಬಣ್ಣ ಕೆರೆದು ಬೋಲ್ಟ್ ಬಿಗಿ ಮಾಡಿ.

ನನ್ನ ಗಾಡಿಯಲ್ಲಿ ಈಗ ಮತ್ತೆ ಹಳೇ 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಬಲ್ಬೇ ಇದೆ. ಬಲ್ಬಿನ ಹತ್ತಿರ ಮೀಟರ್ 13.5 ವೋಲ್ಟ್ ತೋರಿಸುತ್ತಿದೆ.

— ಒಬ್ಬ ಓದುಗ