ರಾಜಧಾನಿ ಬಿದ್ದರೆ ರಾಜ್ಯವೂ ಬೀಳುತ್ತದೆಯೇ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಮಸ್ಕಾರ. ಶತ್ರುವಿನ ರಾಜಧಾನಿ ಕೈವಶವಾದ ಮೇಲೆ ಯುದ್ಧ ಮುಗಿದಂತೆಯೇ ಅಲ್ಲವೇ ಎಂದು ಹಿಂದಿನ ಪತ್ರದಲ್ಲಿ ನೀನು ಕೇಳಿದ್ದೆ. ಅರಸ, ಬೊಕ್ಕಸ, ವಾರಸುದಾರರು, ಇವೆಲ್ಲ ಆ ಕೋಟೆಯೊಳಗೇ ಸಿಕ್ಕಿಬಿದ್ದರೆ ಮಾತ್ರ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

1565ರ ಜನವರಿಯ ಯುದ್ಧದಲ್ಲಿ, ಅರಸನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ರಾಮರಾಯ ಹತನಾದ ಮೇಲೆ ವಿಜಯನಗರವು ದಖ್ಖನಿನ ಸುಲ್ತಾನರ ಸೈನ್ಯಕ್ಕೆ ವಶವಾಗಿ, ತಿಂಗಳುಗಟ್ಟಲೆ ಸೂರೆಯಾಯಿತು. ಆದರೆ ರಾಮರಾಯನ ತಮ್ಮ ತಿರುಮಲ ಅಷ್ಟರಲ್ಲಾಗಲೇ ಅರಸ ಸದಾಶಿವರಾಯನನ್ನೂ ಬೊಕ್ಕಸವನ್ನೂ ಪೆನುಕೊಂಡೆಗೆ ಸಾಗಿಸಿದ್ದ. ಹಾಗಾಗಿ ನಗರ ಹಾಳಾದರೂ ಅರಸೊತ್ತಿಗೆ ಮುಂದಿನ ಶತಮಾನದವರೆಗೂ ಉಳಿಯಿತು. ಹಾಗೆಂದು ನಷ್ಟ ಕಡಿಮೆಯೇನಲ್ಲ. ಮೂಲ ರಾಜಧಾನಿಯನ್ನೇ ಉಳಿಸಿಕೊಳ್ಳಲಾಗದ ದೊರೆಗೆ ಸಾಮಂತರು ಎಷ್ಟು ಕಾಲ ತಲೆಬಾಗಿಯಾರು? 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯ ನೆಲೆಯಾಗಿದ್ದ ಶ್ರೀರಂಗಪಟ್ಟಣವನ್ನು ಪಡೆದು ತಮ್ಮ ರಾಜಧಾನಿಯಾಗಿಸಿಕೊಂಡರು.

ಅದೇ ಶ್ರೀರಂಗಪಟ್ಟಣದ ಪತನ ಇದಕ್ಕೆ ತೀರ ವಿರುದ್ಧವಾದದ್ದು. ಕಾವೇರಿ ಸುತ್ತುವರಿದ ಆ ದ್ವೀಪಕ್ಕೆ ಮಳೆಗಾಲವೇ ದೊಡ್ಡ ಕಾವಲು. 1791ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೋಟೆಯ ಸಮೀಪದವರೆಗೂ ಬಂದು, ಎತ್ತುಗಳು ಸತ್ತು, ದವಸ ಮುಗಿದು, ಮಳೆ ಹಿಡಿದದ್ದರಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಮುತ್ತಿದಾಗ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ರಾಜಧಾನಿಯನ್ನು ಉಳಿಸಿಕೊಂಡ. ಆ ಬೆಲೆಯನ್ನು ನೋಡಿದರೆ ರಾಜಧಾನಿಯೆಂದರೆ ಅವನಿಗೆ ಏನಾಗಿತ್ತೆಂಬುದು ತಿಳಿಯುತ್ತದೆ.

1799ರಲ್ಲಿ ಮುತ್ತಿಗೆ ಹಾಕಿದ ಕಂಪನಿ ಸೈನ್ಯದ ಜನರಲ್ ಹ್ಯಾರಿಸ್ ಹೊಳೆ ತುಂಬುವ ಮೊದಲೇ ಕೆಲಸ ಮುಗಿಸುವ ಆತುರದಲ್ಲಿದ್ದ. ಅವನ ಪಾಳೆಯದಲ್ಲೂ ಅಕ್ಕಿ ತೀರುತ್ತ ಬಂದಿತ್ತು. ಇನ್ನು ಕೆಲವು ವಾರ ಕೋಟೆ ತಡೆದಿದ್ದರೆ ಕಾವೇರಿಯೇ ಟಿಪ್ಪುವಿನ ಪರವಾಗಿ ಕಾದಾಡುತ್ತಿತ್ತು. ಮೇ 4ರ ಮಧ್ಯಾಹ್ನ, ಹಿಂದೆ ಅದೇ ಊರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ಸೈನಿಕರು ನೀರಿಳಿದಿದ್ದ ಹೊಳೆಯನ್ನು ದಾಟಿ, ಒಡೆದ ಗೋಡೆಯನ್ನು ಹತ್ತಿದರು. ಸಂಜೆಯೊಳಗೆ ಅರಸ ಹೋರಾಡುತ್ತಲೇ ಮಡಿದಿದ್ದ, ಅರಮನೆಯಲ್ಲಿದ್ದ ಮಕ್ಕಳು ಸೆರೆಯಾಗಿದ್ದರು, ಖಜಾನೆ ಕಂಪನಿಯ ಪಾಲಾಗಿತ್ತು. ಕೋಟೆಯ ಹೊರಗಿದ್ದ ಹಿರಿಯ ಮಗ ಫತೇ ಹೈದರ್ ಕೂಡ ಕೆಲವೇ ದಿನಗಳಲ್ಲಿ ಶರಣಾದ.

ಗೆದ್ದವರು ಅಷ್ಟಕ್ಕೇ ನಿಲ್ಲಲಿಲ್ಲ. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ತುಂಡುತುಂಡಾಗಿ ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆ ಇಂದಿಗೂ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿದೆ. ಹುಲಿಯನ್ನು ಸಿಂಹ ಕೆಡವುತ್ತಿರುವ ಪದಕವನ್ನು ಅಚ್ಚು ಹಾಕಿಸಿದರು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿ, ರಾಜಧಾನಿಯನ್ನು ಮೈಸೂರಿಗೆ ಬದಲಾಯಿಸಿದರು. ಊರನ್ನು ಗೆಲ್ಲುವುದಕ್ಕಿಂತ, ಹಳೆಯ ಆಳ್ವಿಕೆ ಇನ್ನಿಲ್ಲವೆಂದು ಜನರಿಗೆ ಮನದಟ್ಟು ಮಾಡುವುದೇ ಅವರಿಗೆ ಹೆಚ್ಚು ಮುಖ್ಯವಾಗಿತ್ತೆಂದು ನನಗೆ ತೋರುತ್ತದೆ.

ಆದರೂ ಒಬ್ಬ ಉಳಿದ. ಪಟ್ಟಣದ ಸೆರೆಮನೆಯಲ್ಲಿದ್ದ ಧೋಂಡಿಯಾ ವಾಘ್ ಕೋಟೆ ಬಿದ್ದ ಗದ್ದಲದಲ್ಲಿಯೇ ಹೊರಬಂದು, ಚದುರಿದ ಸೈನಿಕರನ್ನು ಕೂಡಿಸಿಕೊಂಡು ಮತ್ತೆ ಯುದ್ಧ ಹೂಡಿದ. ಮುತ್ತಿಗೆ ಹಾಕಲು ಅವನಿಗೊಂದು ರಾಜಧಾನಿಯೇ ಇರಲಿಲ್ಲವಾದ್ದರಿಂದ, ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಅವನನ್ನು ತುಂಗಭದ್ರೆಯಾಚೆಗೂ ಬೆನ್ನಟ್ಟಬೇಕಾಯಿತು; ಅವನು ಹತನಾದದ್ದು 1800ರ ಸೆಪ್ಟೆಂಬರಿನಲ್ಲಿ.

ಇಂತಿ,
ನಿನ್ನ ಗೆಳೆಯ