ಏನೇನು ಕಮ್ಮಿ ಇದೆಯೋ ಒಂದೇ ಸಲ ಹೇಳಿಬಿಡಿ: ಸಚಿವರಿಗೊಂದು ಬಹಿರಂಗ ಪತ್ರ

ಆಡಳಿತ ಸುಧಾರಣೆಯ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ ನಮಸ್ಕಾರ.

ಅಪ್ಪ ತೀರಿಕೊಂಡ ಮೇಲೆ ಅವರ ಪಿಂಚಣಿಯನ್ನು ಅಮ್ಮನ ಹೆಸರಿಗೆ ಮಾಡಿಸಬೇಕಿತ್ತು. ಅದಕ್ಕೆ ನಾಲ್ಕು ಸಲ ಕಚೇರಿಗೆ ಹೋಗಿ ಬಂದೆ. ಮೊದಲನೇ ಸಲ, ಮರಣ ಪ್ರಮಾಣಪತ್ರದ ಜೆರಾಕ್ಸ್‌ಗೆ ದೃಢೀಕರಣ ಇಲ್ಲ ಎಂದರು. ಮಾಡಿಸಿಕೊಂಡು ಹೋದೆ. ಎರಡನೇ ಸಲ, ಅಮ್ಮನ ಹೆಸರು ಪಾಸ್‌ಬುಕ್ಕಿನಲ್ಲಿ ಒಂದು ಥರ, ಅಪ್ಪನ ದಾಖಲೆಯಲ್ಲಿ ಇನ್ನೊಂದು ಥರ ಇದೆ, ಅಫಿಡವಿಟ್ ತನ್ನಿ ಎಂದರು. ಮೂರನೇ ಸಲ, ಇದು ಹಳೇ ಫಾರಂ, ನಡೆಯಲ್ಲ ಎಂದರು. ನಾಲ್ಕನೇ ಸಲ ಕಡತ ನೋಡುವವರೇ ರಜೆ.

ಆ ಮೂರೂ ತಪ್ಪುಗಳು ಮೊದಲ ದಿನವೇ ಅವರ ಕೈಯಲ್ಲಿದ್ದ ಕಾಗದಗಳಲ್ಲಿ ಇದ್ದವು. ಯಾರೂ ಕೊನೇ ಹಾಳೆಯವರೆಗೆ ನೋಡಲಿಲ್ಲ ಅಷ್ಟೆ. ಒಂದು ತಪ್ಪು ಕಂಡ ಕೂಡಲೇ ಎಲ್ಲ ಮಡಚಿ ವಾಪಸ್ ಕೊಟ್ಟರು, ಅಲ್ಲಿಗೆ ಅವರ ಮಟ್ಟಿಗೆ ಕೆಲಸ ಮುಗಿಯಿತು.

ಕಿಟಕಿಯ ಆಚೆ ಕೂತಿದ್ದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ವಿಭಾಗದಿಂದ ಬಂದು ಮೂರು ವಾರ ಆಗಿದೆ, ನನಗೂ ಯಾರೂ ಹೇಳಿಕೊಟ್ಟಿಲ್ಲ ಮೇಡಂ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನು ದುಡಿಯುವ ಖಾಸಗಿ ಕಂಪನಿಯಲ್ಲೂ ಇದೇ ಕಥೆ: ಹೊಸಬರಿಗೆ ಕಂಪ್ಯೂಟರ್ ಮತ್ತು ಪಾಸ್‌ವರ್ಡ್ ಕೊಟ್ಟು ಕೂರಿಸುತ್ತಾರೆ, ಪಕ್ಕದವರನ್ನು ಕೇಳಿಕೋ ಎನ್ನುತ್ತಾರೆ, ಪಕ್ಕದವರಿಗೆ ತಮ್ಮ ಕೆಲಸವೇ ತಲೆಮೇಲಿರುತ್ತದೆ, ಆಮೇಲೆ ತಪ್ಪಾದಾಗ ಎಲ್ಲರೂ ಸೇರಿ ಹೊಸಬರನ್ನು ದಡ್ಡರು ಅನ್ನುತ್ತಾರೆ. ಕಲಿಸದೇ ಕೂರಿಸಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ ಆ ಹುಡುಗನಿಗಲ್ಲ, ನಿಮಗೆ.

ಜನ ಜಾಸ್ತಿ, ಸಿಬ್ಬಂದಿ ಕಡಿಮೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಸಿಬ್ಬಂದಿ ಕಡಿಮೆ ಇರುವುದು ನಿಜ. ಆದರೆ ಆ ಸಾಲಿನಲ್ಲಿ ನಿಂತವರು ಯಾರು? ನನ್ನ ಹಿಂದೆ ಮುಂದೆ ಇದ್ದವರನ್ನು ಕೇಳಿದೆ, ಹೆಚ್ಚಿನವರು ನನ್ನ ಹಾಗೆ ಎರಡನೇ, ಮೂರನೇ ಸಲ ಬಂದವರೇ. ಹೊಸ ಕೆಲಸ ಅಲ್ಲ, ಅರ್ಧಕ್ಕೆ ಬಿಟ್ಟ ಹಳೇ ಕೆಲಸವೇ ಮತ್ತೆ ಸಾಲಿಗೆ ಬಂದು ನಿಂತಿದೆ.

ಸರತಿ ಸಾಲಿಗೂ ಒಂದು ಲೆಕ್ಕ ಇದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಶುರು ಮಾಡಿದ ಲೆಕ್ಕ ಅದು. ಒಂದೇ ಕೌಂಟರ್, ಒಬ್ಬೊಬ್ಬರಿಗೆ ಸರಾಸರಿ 5 ನಿಮಿಷ, ಜನ ಯಾವಾಗೆಂದರೆ ಆವಾಗ ಬರುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿನ ನೌಕರ ದಿನದ ಶೇ. 95ರಷ್ಟು ಹೊತ್ತು ಬಿಡುವಿಲ್ಲದೆ ದುಡಿಯುತ್ತಿದ್ದರೆ ಜನ ಸರಾಸರಿ 95 ನಿಮಿಷ ಕಾಯಬೇಕಾಗುತ್ತದೆ. ಆ ಹೊರೆ ಶೇ. 80ಕ್ಕೆ ಇಳಿದರೆ ಕಾಯುವುದು 20 ನಿಮಿಷ ಮಾತ್ರ. ಅಂದರೆ ನೂರರಲ್ಲಿ ಹದಿನಾರು ಜನ ಮತ್ತೆ ಬರುವುದನ್ನು ತಪ್ಪಿಸಿದರೂ ಸಾಲು ಕರಗಿಹೋಗುತ್ತದೆ. ಹೊಸ ಕಟ್ಟಡ ಬೇಡ, ಹೊಸ ಆ್ಯಪ್ ಅಂತೂ ಬೇಡವೇ ಬೇಡ.

ನಾನು ಕೇಳುವುದು ಇಷ್ಟು. ಅರ್ಜಿ ತೆಗೆದುಕೊಂಡ ದಿನವೇ ಪೂರ್ತಿ ನೋಡಲಿ, ಏನೇನು ಕಮ್ಮಿ ಇದೆ ಎಂದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೊಡಲಿ. ಆ ಹಾಳೆಯಲ್ಲಿ ಇಲ್ಲದ ಕಾರಣಕ್ಕೆ ಆಮೇಲೆ ವಾಪಸ್ ಕಳಿಸಬಾರದು. ಕೌಂಟರಿಗೆ ಕೂರಿಸುವ ಮೊದಲು ಗೊತ್ತಿರುವವರ ಪಕ್ಕ ಸ್ವಲ್ಪ ದಿನ ಕೂರಿಸಿ ಕಲಿಸಲಿ. ಏನೇನು ನೋಡಬೇಕು ಎಂಬ ಪಟ್ಟಿ ಅವರ ಮೇಜಿನ ಮೇಲೆ ಇರಲಿ. ಪಟ್ಟಿ ನೋಡಿ ಕೆಲಸ ಮಾಡುವುದು ಅವಮಾನ ಏನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೇ 19 ಅಂಶಗಳ ಒಂದು ಪಟ್ಟಿ ಮಾಡಿಕೊಟ್ಟಿತು. ನುರಿತ ಸರ್ಜನ್‌ಗಳೇ ಪಟ್ಟಿ ಓದಿ ಮುಂದುವರಿಯುತ್ತಾರೆ ಎಂದಮೇಲೆ ಮೂರು ವಾರದ ಹುಡುಗನಿಗೆ ಒಂದು ಪಟ್ಟಿ ಬೇಡವಾ?

ದಯವಿಟ್ಟು ಒಂದು ದಿನ ಯಾರಿಗೂ ಹೇಳದೆ ಆ ಸಾಲಿನಲ್ಲಿ ಬಂದು ನಿಲ್ಲಿ. ಎಷ್ಟನೇ ಸಲ ಬಂದಿದ್ದೀರಿ ಎಂದು ಪಕ್ಕದವರನ್ನು ಕೇಳಿ ನೋಡಿ.

ಸೋಮವಾರ ನಾನು ಐದನೇ ಸಲ ಹೋಗುತ್ತಿದ್ದೇನೆ. ಮಂಡಿನೋವು, ನೀನು ಬರಬೇಡ ಎಂದರೆ ಅಮ್ಮ ಕೇಳುತ್ತಿಲ್ಲ. ಸಹಿ ಇಲ್ಲ ಅಂತ ಮತ್ತೆ ವಾಪಸ್ ಕಳಿಸಿದರೆ ಏನು ಮಾಡ್ತೀಯಾ ಅನ್ನುತ್ತಾಳೆ.

ಇಂತಿ,
ಒಬ್ಬ ಅರ್ಜಿದಾರಳು